ಲಂಗದ ನೀಲಿ ನೂಲು

ಬಸ್ಸಿನಲ್ಲಿ ಪಕ್ಕದವರ ಅಂಗಿಯಿಂದ ಬೀಡಿಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ತಾನಾಗಿ ಮಡಿಲಿಗೆ ಹೋಗುತ್ತದೆ, ಅಲ್ಲಿ ಬೀಡಿಯ ಎಲೆ, ಹೊಗೆಸೊಪ್ಪು ಹರಡಿದ ಮೊರ, ನಮ್ಮ ತಡ್ಪೆ, ಇದೆಯೇನೋ ಎಂಬಂತೆ.

ಆ ವಾರ, ಎಲೆ, ನೂಲು ಕೊಟ್ಟು ಬೀಡಿ ಕಟ್ಟಿಸಿಕೊಳ್ಳುವ ಬ್ರಾಂಚಿನಿಂದ ಅಮ್ಮನಿಗೆ ಸಿಕ್ಕಿದ್ದು ತೂತು ಬಿದ್ದ, ಮುಟ್ಟಿದರೆ ಪುಡಿಯಾಗುವ ಎಲೆ. ಕೊಟ್ಟ ನೂಲೂ ಸಾಲಲಿಲ್ಲ. ಅಮ್ಮ ನನ್ನ ಶಾಲೆಯ ಲಂಗದ ಅಂಚು ಬಿಚ್ಚಿ, ಆ ನೀಲಿ ನೂಲಿನಿಂದ ಕೊನೆಯ ಬೀಡಿಗಳನ್ನು ಕಟ್ಟಿದ್ದಳು.

ಬೀಡಿ ಕೊಡಲು ನಾನೂ ಅಮ್ಮನೂ ಹೋದ ಮಧ್ಯಾಹ್ನ, ಬ್ರಾಂಚಿನಲ್ಲಿ ಬೀಡಿ ನೋಡುವ ಚೆಕ್ಕರ್ ಅಮ್ಮನ ಬೀಡಿಗಳನ್ನೆಲ್ಲ ಬದಿಗೆ ತಳ್ಳಿದರು. "ಇದು ಯಾವುದೂ ಆಗ್ಲಿಕ್ಕಿಲ್ಲ. ಇದಕ್ಕೆ ಕೂಲಿ ಇಲ್ಲ."

"ಎಲೆ ಸರಿ ಇರ್ಲಿಲ್ಲ ಅಣ್ಣ."

"ಎಲ್ಲರಿಗೂ ಅದೇ ಎಲೆ ಕೊಟ್ಟದ್ದು ಮಾರಾಯ್ತಿ. ನಿನ್ನ ಕೈ ಸರಿ ಇಲ್ಲ, ಮತ್ತೆ ಬಡತನ ಅಂತ ಹೇಳುದು."

ಅಮ್ಮ ತಲೆ ತಗ್ಗಿಸಿದಳು. ತಳ್ಳಿದ ಬೀಡಿಗಳನ್ನು ಮಾತ್ರ ಅವರು ವಾಪಸು ಕೊಡಲಿಲ್ಲ.

ಮನೆಗೆ ಹೋಗುವ ಸವಣೂರು ಬಸ್ಸಿಗೆ ಕಾಯುತ್ತಾ ಪಕ್ಕದ ಗೂಡಂಗಡಿಯ ಮುಂದೆ ನಿಂತೆವು. ಸ್ವಲ್ಪ ಹೊತ್ತಿಗೆ ಚೆಕ್ಕರ್ ಬಂದು ಅಂಗಡಿಯವರ ಕೈಗೆ ಒಂದು ಪೊಟ್ಟಣ ಕೊಟ್ಟು ಹೋದರು. ಅಂಗಡಿಯವರು ಅದರಿಂದ ಒಂದು ಬೀಡಿ ತೆಗೆದು ಗಿರಾಕಿಗೆ ಕೊಟ್ಟರು. ಬೀಡಿಗೆ ನನ್ನ ಲಂಗದ ನೀಲಿ ನೂಲು ಸುತ್ತಿತ್ತು. ಗಿರಾಕಿ ಕಣ್ಣು ಮುಚ್ಚಿ ಹೊಗೆ ಬಿಟ್ಟರು. "ಲಾಯ್ಕ ಉಂಟು ಮಾರಾಯ್ರೆ."

"ಅಮ್ಮಾ, ನಮ್ಮ ನೂಲು!"

"ಬಾಯಿ ಮುಚ್ಚು," ಅಮ್ಮ ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದಳು. "ನಾಳೆ ಎಲೆ ಕೊಡುದು ಆ ಚೆಕ್ಕರೇ."

ಮನೆ ಮುಟ್ಟಿದವಳೇ ನನ್ನನ್ನು ಜಗಲಿಯಲ್ಲಿ ಕೂರಿಸಿ, ತಡ್ಪೆಯನ್ನು ನನ್ನ ಮಡಿಲಿಗಿಟ್ಟು, ನೆನೆಸಿದ ಎಲೆಯೊಂದನ್ನು ಬೆರಳ ನಡುವೆ ಸುರುಳಿ ಸುತ್ತಿಸಿದಳು.

"ನಿನ್ನ ಕೈಯಾದ್ರೂ ಸರಿ ಆಗ್ಲಿ," ಎಂದಳು.