ಹದಿನೈದು ನಿಮಿಷದ ಸವಾರಿ

"ತಾತ, ಆನೆ ಡ್ಯಾನ್ಸ್ ಮಾಡ್ತಿದೆ ನೋಡು," ಎಂದಳು ಮೊಮ್ಮಗಳು. ಅಟ್ಟಣೆ ಹತ್ತಿ, ಇನ್ನೇನು ಆನೆಯ ಬೆನ್ನಿಗೆ ಕಾಲಿಡಬೇಕೆಂದಿದ್ದ ತಾತ ಅಲ್ಲೇ ನಿಂತುಬಿಟ್ಟ. ಆನೆ ಎಡಗಾಲನ್ನು ತುಸು ಎತ್ತಿ ಬಲಗಾಲಿಗೆ ಭಾರ ಬಿಡುತ್ತಿತ್ತು, ಮತ್ತೆ ಬಲಗಾಲೆತ್ತಿ ಎಡಗಾಲಿಗೆ. ನಲವತ್ತು ವರ್ಷ ಕುರ್ಚಿಯ ಹಿಂದೆ ನಿಂತು ಊರವರ ಕೂದಲು ಕತ್ತರಿಸಿದವನಿಗೆ ಆ ಕುಣಿತ ಚೆನ್ನಾಗಿ ಗೊತ್ತಿತ್ತು.

"ಡ್ಯಾನ್ಸ್ ಅಲ್ಲ ಕಣೇ. ನಿಂತು ನಿಂತು ಅದರ ಕಾಲು ಪದ ಹೇಳ್ತಿದೆ."

ಮೊಮ್ಮಗಳ ಮುಖ ಸಪ್ಪಗಾಯಿತು. ಒಂದು ವಾರದಿಂದ ಆನೆ, ಆನೆ ಎಂದು ಮನೆಯವರ ತಲೆ ತಿಂದಿದ್ದಳು. "ಹಾಗಾದ್ರೆ ಹತ್ತೋದು ಬೇಡ್ವಾ?"

ತಾತ ಮಾವುತನತ್ತ ತಿರುಗಿದ. "ಹದಿನೈದು ನಿಮಿಷ ಇದು ನಮ್ಮದು ತಾನೇ? ಆ ಮರದ ಹತ್ರ ಬಿಡಪ್ಪ, ಸ್ವಲ್ಪ ಸುಧಾರಿಸಿಕೊಳ್ಳಲಿ."

"ಟಿಕೆಟ್ ದುಡ್ಡು ವಾಪಸ್ ಕೊಡಲ್ಲ ಯಜಮಾನ್ರೇ."

"ಕೇಳಿದವರು ಯಾರು?"

ನೆರಳಿಗೆ ಬಂದ ಆನೆ ಮರಕ್ಕೆ ಮೈಯೊರಗಿಸಿ ಉಸ್ಸೆಂದಿತು. ಆಚೆ ಬದಿಗೆ ತಾತನೂ ಒರಗಿದ. ಅಷ್ಟರಲ್ಲಿ ಸಾಲಿನಲ್ಲಿದ್ದ ದಪ್ಪ ಮೀಸೆಯವರೊಬ್ಬರು ಧಾವಿಸಿ ಬಂದರು. "ಆನೆ ಖಾಲಿ ನಿಂತಿದೆಯಲ್ಲ, ನಾವು ಹತ್ತಬಹುದಾ?"

ಮೊಮ್ಮಗಳು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಇನ್ನೂ ಹತ್ತು ನಿಮಿಷ ಇದೆ ಅಂಕಲ್. ನಮ್ಮ ಸವಾರಿ ನಡೀತಾ ಇದೆ."