ಅಜ್ಜಿ ತಂದ ಮಾವಿನ ಕಡ್ಡಿ

ಮಾವಿನ ಸೊನೆಯ ವಾಸನೆ ಬಂದರೆ ಈಗಲೂ ಕುಣಿಗಲ್ಲಿನ ನಮ್ಮ ಹೈಸ್ಕೂಲಿನ ಕೃಷಿ ಪೀರಿಯಡ್ ನೆನಪಾಗುತ್ತದೆ. ಅಂದು ಒಂಬತ್ತನೇ ಕ್ಲಾಸಿಗೆ ಕಸಿ ಕಟ್ಟುವ ಪಾಠವಿತ್ತು. ಮದುವೆಯಾದ ವರ್ಷ ಅಜ್ಜಿ ನೆಟ್ಟಿದ್ದ ಮಾವಿನ ಮರ ಗಾಳಿಗೆ ಉರುಳಿ ಸಾಮಿಲ್ಲಿಗೆ ಹೋಗಿತ್ತು. ಕಸಿಗೆಂದು ಅದರಿಂದ ಮುರಿದಿಟ್ಟುಕೊಂಡಿದ್ದ ಕಡ್ಡಿಗಳನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಶಾಲೆಗೆ ತಂದಿದ್ದಳು. ಎರಡೇ ಇದ್ದವೆಂದು ನನ್ನ ನೆನಪು, ಅಕ್ಕ ಒಪ್ಪುವುದಿಲ್ಲ. ಮೊದಲನೆಯದರಲ್ಲಿ ನಾನು ಗಿಡಕ್ಕೆ ಸೇರಿಸಬೇಕಾದ ಬುಡದ ಬದಲು ಚಿಗುರಬೇಕಾದ ಮೊಗ್ಗಿದ್ದ ತುದಿಯನ್ನೇ ಚೂಪಾಗಿ ಹೆರೆದು ಕೆಡಿಸಿಬಿಟ್ಟೆ.

"ಪೆನ್ಸಿಲ್ ಮಾಡಿದೀಯಲ್ಲೋ!" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಮೇಷ್ಟ್ರು ಅಜ್ಜಿಯ ಕಡೆ ತಿರುಗಿದರು. "ಅಜ್ಜಿ, ಇನ್ನೊಂದೇ ಇರೋದು. ಇದನ್ನ ನಾನೇ ಕಟ್ಟಿಬಿಡ್ತೀನಿ."

"ಬ್ಯಾಡಿ ಮೇಷ್ಟ್ರೆ. ಕಲಿಯಾಕೆ ಬಂದಿರೋನು ಅವ್ನು. ಅವ್ನೇ ಕಟ್ಲಿ ಬುಡಿ."

ಕಡ್ಡಿಯನ್ನು ನನ್ನ ಕೈಗೇ ಕೊಟ್ಟು, ಅಜ್ಜಿ ನಾನು ಹೆರೆಯುವುದು ಕಣ್ಣಿಗೆ ಬೀಳದ ಹಾಗೆ ಮುಖವನ್ನು ಗೇಟಿನ ಕಡೆ ತಿರುಗಿಸಿಕೊಂಡು ಕೂತಳು.