ಕದಡಿದ ಚಿತ್ರ

ಮೂರನೇ ಸಲವೂ ಅಜ್ಜಿಯ ಎದೆಯ ಸ್ಕ್ಯಾನ್ ಕದಡಿದ ನೀರಿನಂತೆ ಬಂತು. ಅಲ್ಲಿರುವುದು ಗಡ್ಡೆಯೋ ಬರೀ ನೆರಳೋ ಎಂದು ತಿಳಿಯಲು ಡಾಕ್ಟರು ಕಾಯುತ್ತಿದ್ದರು. ತಲೆಕೆಟ್ಟು ಟೆಕ್ನಿಷಿಯನ್ ಒಳಗೆ ನುಗ್ಗಿದ.

“ಅಜ್ಜೀ, ಮಿಷನ್ ಹೇಳ್ದಾಗ ಉಸಿರು ಹಿಡ್ಕೋಬೇಕು. ಅಷ್ಟೂ ಆಗಲ್ವಾ?”

“ಹಿಡ್ಕಂಡೇ ಇದ್ನಲ್ಲಪ್ಪ!”

“ಮತ್ಯಾಕೆ ಚಿತ್ರ ಅಲ್ಲಾಡುತ್ತೆ? ಸುಳ್ಳು ಹೇಳ್ಬೇಡಿ.”

“ನಿನ್ನಾಣೆಗೂ ಹಿಡ್ಕಂಡಿದ್ದೆ ಮಗಾ.”

ಒಳಗಿನ ಮೈಕ್ ಕೆಟ್ಟಿದ್ದರಿಂದ ಗಾಜಿನಾಚೆಯ ಕೋಣೆಯಲ್ಲಿ ಕೂತಾಗ ಅವನಿಗೆ ಇಲ್ಲಿನದು ಏನೂ ಕೇಳಿಸುತ್ತಿರಲಿಲ್ಲ. ಈ ಸಲ ಗುಂಡಿ ಒತ್ತುವ ಕೆಲಸವನ್ನು ಸಹಾಯಕಿಗೆ ಒಪ್ಪಿಸಿ, ಸೀಸದ ಏಪ್ರನ್ ತೊಟ್ಟು ಅಜ್ಜಿಯ ಪಕ್ಕದಲ್ಲೇ ನಿಂತ.

ಮಂಚ ಸರಿಯಿತು. ಮಿಷನ್ನಿನ ಹೆಣ್ಣುದನಿ, “ಉಸಿರು ಹಿಡಿದುಕೊಳ್ಳಿ” ಎಂದಿತು.

ಅಜ್ಜಿ ಎದೆ ತುಂಬ ಉಸಿರೆಳೆದು ಬಿಗಿಹಿಡಿದಳು. ಆಮೇಲೆ ವಿನಯದಿಂದ ಹೇಳಿದಳು: “ಊಂ ಕಣವ್ವಾ, ಹಿಡ್ಕಂಡೆ.”